ಅಡಿಕೆ ದುಡ್ಡು, ಮ್ಯೂಚುವಲ್ ಫಂಡು: ನಾನು ನಡೆಸಿಕೊಂಡು ಬಂದ ಕ್ರಮ

ಕಾಸರಗೋಡಿನ ನಮ್ಮ ಕಡೆ ಹಿರಿಯರು ಮ್ಯೂಚುವಲ್ ಫಂಡಿಗೆ ಈಗಲೂ ‘ಯೂನಿಟ್ ಟ್ರಸ್ಟ್’ ಅಂತಲೇ ಹೇಳುತ್ತಾರೆ. 1964ರಲ್ಲಿ ಯೂನಿಟ್ ಟ್ರಸ್ಟ್ ಆಫ್ ಇಂಡಿಯಾದ ಮೊದಲ ಯೋಜನೆ ಯುಎಸ್-64 ಬಂದ ಮೇಲೆ 1987ರವರೆಗೆ ದೇಶದಲ್ಲಿ ಬೇರೆ ಫಂಡ್ ಸಂಸ್ಥೆಯೇ ಇರಲಿಲ್ಲ. 2001ರ ಜುಲೈಯಲ್ಲಿ ಆ ಯೋಜನೆಯ ಮಾರಾಟ, ಮರುಖರೀದಿ ಎರಡನ್ನೂ ಆರು ತಿಂಗಳು ನಿಲ್ಲಿಸಿದರು. ಯೂನಿಟ್ಟಿನ ಬೆಲೆಯನ್ನು ಟ್ರಸ್ಟೇ ಘೋಷಿಸುತ್ತಿತ್ತು, ಒಳಗಿದ್ದ ಷೇರುಗಳ ಬೆಲೆಗೂ ಅದಕ್ಕೂ ತಾಳೆ ಇರಲಿಲ್ಲ. ಈಗ ಪ್ರತಿ ಕೆಲಸದ ದಿನ ಎನ್‌ಎವಿ (ಒಳಗಿನ ಷೇರುಗಳ ಬೆಲೆಯಿಂದ ಬರುವ ಒಂದು ಯೂನಿಟ್ಟಿನ ಮೌಲ್ಯ) ಲೆಕ್ಕ ಹಾಕಿ ಪ್ರಕಟಿಸುತ್ತಾರೆ, ಆ ಹಳೆಯ ತೊಂದರೆ ಇಲ್ಲ. ಬೆಲೆ ಇಳಿಯುವುದಂತೂ ಇದ್ದೇ ಇದೆ. ದೊಡ್ಡ ಷೇರುಗಳ ಸೂಚ್ಯಂಕವಾದ ನಿಫ್ಟಿ 2008ರ ಜನವರಿಯಿಂದ ಅಕ್ಟೋಬರ್ ಒಳಗೆ ಸುಮಾರು 60 ಶೇಕಡ ಇಳಿದಿತ್ತು, 2020ರಲ್ಲಿ ಜನವರಿಯಿಂದ ಮಾರ್ಚ್ ಒಳಗೆ 40ರ ಹತ್ತಿರ. 60 ಶೇಕಡ ಇಳಿದದ್ದು ಮೊದಲಿನ ಜಾಗಕ್ಕೆ ಬರಲು 150 ಶೇಕಡ ಏರಬೇಕು. ಹೀಗಾಗಿ ಯಾವ ಫಂಡ್ ಎಂದು ನೋಡುವ ಮೊದಲು, ಯಾವ ದುಡ್ಡು ಎಷ್ಟು ವರ್ಷ ಬೇಡ ಎಂದು ನಾನು ನೋಡುತ್ತೇನೆ.

ತೋಟದ ಮನೆಗೆ ತಿಂಗಳ ಸಂಬಳ ಇಲ್ಲ. ಚಾಲಿ (ಬಿಸಿಲಿಗೆ ಹಾಕಿದ ಅಡಿಕೆ) ಒಣಗಿ, ಸುಲಿಸಿ, ಧಾರಣೆ ನೋಡಿ ಕೊಟ್ಟಾಗ ವರ್ಷಕ್ಕೆ ಎರಡು ಮೂರು ಸಲ ದೊಡ್ಡ ಮೊತ್ತ ಬರುತ್ತದೆ. ಖರ್ಚು ಮಾತ್ರ ವರ್ಷವಿಡೀ: ಕೊಯ್ಲಿನ ಕೂಲಿ, ಗೊಬ್ಬರ, ಮೈಲುತುತ್ತು, ಮಳೆ ಹಿಡಿಯುವ ಮುಂಚೆ ಒಂದು ಮತ್ತು ಆಮೇಲೆ 40-45 ದಿನಕ್ಕೊಮ್ಮೆ ಮದ್ದು ಬಿಡಿಸುವ ಲೆಕ್ಕ. ಆದ್ದರಿಂದ ಬಂದ ದುಡ್ಡನ್ನು ಮೂರು ಪಾಲು ಮಾಡುತ್ತೇನೆ. ಮುಂದಿನ ಒಂದು ವರ್ಷದ ಮನೆ ಮತ್ತು ತೋಟದ ಖರ್ಚು ಬ್ಯಾಂಕಿನಲ್ಲಿ ಅಥವಾ ಸೊಸೈಟಿಯ ಠೇವಣಿಯಲ್ಲಿ. ಐದು ವರ್ಷದೊಳಗೆ ಬೇಕಾಗುವುದು (ಫೀಸು, ಮದುವೆ, ಬೋರ್‌ವೆಲ್) ಠೇವಣಿಯಲ್ಲಿ ಮತ್ತು ಅಲ್ಪಾವಧಿಯ ಸಾಲಪತ್ರಗಳಿಗೆ ದುಡ್ಡು ಹಾಕುವ ಲಿಕ್ವಿಡ್ ಫಂಡಿನಲ್ಲಿ. ಏಳು ವರ್ಷಕ್ಕಿಂತ ಮುಂಚೆ ಕೈ ಹಾಕಲಾರೆ ಅನ್ನುವುದು ಮಾತ್ರ ಷೇರಿನ ಫಂಡಿಗೆ. ಐದಕ್ಕೂ ಏಳಕ್ಕೂ ನಡುವಿನದು ಅನುಮಾನದ ದುಡ್ಡು, ಅದನ್ನು ಠೇವಣಿಯ ಕಡೆಗೇ ತಳ್ಳುತ್ತೇನೆ.

ಇನ್ನು ಫಂಡಿನ ಆಯ್ಕೆ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2017ರ ಅಕ್ಟೋಬರ್‌ನಲ್ಲಿ ಫಂಡುಗಳ ವರ್ಗೀಕರಣ ಮಾಡಿದ್ದರಿಂದ ಕೆಲಸ ಹಗುರವಾಗಿದೆ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳು ಲಾರ್ಜ್ ಕ್ಯಾಪ್, 101ರಿಂದ 250 ಮಿಡ್ ಕ್ಯಾಪ್, 251ರಿಂದ ಆಚೆಗೆ ಸ್ಮಾಲ್ ಕ್ಯಾಪ್. ನನ್ನ ಬುಡ ನಿಫ್ಟಿ 50ರ ಇಂಡೆಕ್ಸ್ ಫಂಡ್, ಅಂದರೆ ಆ ಸೂಚ್ಯಂಕದ ಷೇರುಗಳನ್ನೇ ಅದೇ ಪ್ರಮಾಣದಲ್ಲಿ ಕೊಳ್ಳುವಂಥದ್ದು. ಅದರ ಮೇಲೆ ಒಂದು ಫ್ಲೆಕ್ಸಿ ಕ್ಯಾಪ್, ಯಾವ ಗಾತ್ರದ ಕಂಪನಿ ಎಷ್ಟು ಎಂದು ಮ್ಯಾನೇಜರೇ ತೀರ್ಮಾನಿಸುವ ಫಂಡು. ಮೂರನೆಯದಾಗಿ ಮಿಡ್ ಕ್ಯಾಪ್ ಬೇಕಿದ್ದರೆ, ಷೇರಿನ ಪಾಲಿನ ಐದರಲ್ಲಿ ಒಂದಂಶ ಮೀರದ ಹಾಗೆ. ಇಷ್ಟೇ. ಎಂಟು ಹತ್ತು ಫಂಡ್ ಇಟ್ಟುಕೊಂಡವರ ಪಟ್ಟಿ ಬಿಡಿಸಿ ನೋಡಿದರೆ ಎಲ್ಲದರ ಒಳಗೂ ಅದೇ ನಾಲ್ಕು ದೊಡ್ಡ ಬ್ಯಾಂಕು, ಅದೇ ಐಟಿ ಕಂಪನಿಗಳು ಕೂತಿರುತ್ತವೆ. ಹತ್ತು ಚೀಲದಲ್ಲಿ ಒಂದೇ ತೋಟದ ಅಡಿಕೆ ತುಂಬಿದ ಹಾಗೆ.

ಇಂಡೆಕ್ಸ್ ಫಂಡಿನಲ್ಲಿ ನೋಡಬೇಕಾದ್ದು ಎರಡೇ: ಎಕ್ಸ್‌ಪೆನ್ಸ್ ರೇಶಿಯೊ (ಫಂಡು ವರ್ಷಕ್ಕೆ ಕಡಿಯುವ ಖರ್ಚಿನ ಶೇಕಡ), ಮತ್ತು ಸೂಚ್ಯಂಕದ ಗಳಿಕೆಗೂ ಫಂಡಿನ ಗಳಿಕೆಗೂ ಇರುವ ಅಂತರ. ಹೋಲಿಸುವ ಸೂಚ್ಯಂಕ ಡಿವಿಡೆಂಡ್ ಸೇರಿದ್ದು, ಅಂದರೆ ಟಿಆರ್‌ಐ ಆಗಿರಬೇಕು. ಬರೀ ನಿಫ್ಟಿಯ ಅಂಕಿಯೊಂದಿಗೆ ಹೋಲಿಸಿದರೆ ಸಾಧಾರಣ ಫಂಡೂ ಗೆದ್ದಂತೆ ಕಾಣುತ್ತದೆ.

ಫ್ಲೆಕ್ಸಿ ಕ್ಯಾಪ್‌ಗೆ ಹೆಚ್ಚು ಹೊತ್ತು ಬೇಕು. ಸಂಸ್ಥೆಯ ತಿಂಗಳ ಫ್ಯಾಕ್ಟ್‌ಶೀಟ್ ಇಳಿಸಿಕೊಂಡು ಆ ಫಂಡಿನ ಒಂದು ಪುಟವನ್ನು ಈ ಕ್ರಮದಲ್ಲಿ ಓದುತ್ತೇನೆ. ಮೊದಲು ಮ್ಯಾನೇಜರ್ ಯಾವಾಗಿನಿಂದ ಇದ್ದಾರೆ ಎಂಬ ಸಾಲು. ಫಂಡಿಗೆ ಹತ್ತು ವರ್ಷದ ದಾಖಲೆ ಇದ್ದು ಮ್ಯಾನೇಜರ್ ಬಂದು ಎಂಟೇ ತಿಂಗಳಾಗಿದ್ದರೆ ಆ ಹತ್ತು ವರ್ಷ ಬೇರೆಯವರದ್ದು. ಎರಡನೆಯದು ಟರ್ನೋವರ್ ರೇಶಿಯೊ. 100 ಶೇಕಡ ಎಂದಿದ್ದರೆ ಸುಮಾರು ಒಂದು ವರ್ಷದಲ್ಲಿ ಇಡೀ ಸಂಗ್ರಹದಷ್ಟು ಷೇರು ಬದಲಾಗಿದೆ ಎಂದರ್ಥ. ಕೊಂಡು ಮಾರುವ ಖರ್ಚು ಎನ್‌ಎವಿಯಿಂದಲೇ ಹೋಗುತ್ತದೆ. ‘ದೀರ್ಘಕಾಲದ ಹೂಡಿಕೆ’ ಎಂದು ಮುಖಪುಟದಲ್ಲಿ ಬರೆದು ಒಳಗೆ 150 ಇಟ್ಟವರನ್ನು ನಾನು ಅಲ್ಲಿಗೇ ಬಿಡುತ್ತೇನೆ. ಮೂರನೆಯದು ಮೊದಲ ಹತ್ತು ಷೇರುಗಳ ಒಟ್ಟು ಪಾಲು, ನಾಲ್ಕನೆಯದು ನಗದು ಎಷ್ಟಿದೆ. ಗಳಿಕೆಯ ಕೋಷ್ಟಕ ಎಲ್ಲಕ್ಕೂ ಕೊನೆಗೆ.

ಕೋಷ್ಟಕ ಕೊನೆಗೆ ಏಕೆ ಎಂದರೆ ಅದು ಎರಡು ದಿನಾಂಕಗಳ ಆಟ. 2020ರ ಮಾರ್ಚ್ ಕೊನೆಯಿಂದ 2021ರ ಮಾರ್ಚ್‌ವರೆಗೆ ಅಳೆದರೆ ಎಂಥ ಷೇರು ಫಂಡೂ ಬಂಗಾರ. ಒಂದೆರಡು ತಿಂಗಳು ಹಿಂದಿನಿಂದ ಅಳೆದರೆ ಅದೇ ಫಂಡಿನ ಗಳಿಕೆ ಬೇರೆಯೇ. ಹೀಗಾಗಿ ರೋಲಿಂಗ್ ರಿಟರ್ನ್ ನೋಡುತ್ತೇನೆ: ಪ್ರತಿ ತಿಂಗಳಿಂದ ಶುರುಮಾಡಿ ಐದೈದು ವರ್ಷದ ಗಳಿಕೆ ತೆಗೆದು, ಎಷ್ಟು ಸಲ ಸೂಚ್ಯಂಕದ ಟಿಆರ್‌ಐ ಮೀರಿದೆ, ಅತಿ ಕಡಿಮೆ ಎಷ್ಟು ಬಂದಿದೆ ಎಂದು. ಎನ್‌ಎವಿಯ ಹಳೆಯ ಅಂಕಿಗಳು ಫಂಡ್ ಸಂಸ್ಥೆಗಳ ಒಕ್ಕೂಟವಾದ ಆಂಫಿಯ ತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಒಂದು ಸ್ಪ್ರೆಡ್‌ಶೀಟ್ ಸಾಕು.

ಡೈರೆಕ್ಟ್ ಪ್ಲಾನ್ 2013ರ ಜನವರಿ 1ರಿಂದ ಇದೆ. ಅದೇ ಫಂಡು, ಅದೇ ಮ್ಯಾನೇಜರ್. ನಡುವಿನವರ ಕಮಿಷನ್ ಇಲ್ಲ, ಅಷ್ಟೇ. ತಿಂಗಳಿಗೆ 5,000 ರೂಪಾಯಿಯಂತೆ 20 ವರ್ಷ, ಒಟ್ಟು 12 ಲಕ್ಷ. ಲೆಕ್ಕಕ್ಕಾಗಿ ವರ್ಷಕ್ಕೆ 12 ಶೇಕಡ ಎಂದಿಟ್ಟುಕೊಂಡರೆ 49.96 ಲಕ್ಷ ಆಗುತ್ತದೆ. ಖರ್ಚು ಒಂದು ಶೇಕಡ ಹೆಚ್ಚಾಗಿ 11 ಬಂದರೆ 43.68 ಲಕ್ಷ. ಆ ಆರೂಕಾಲು ಲಕ್ಷಕ್ಕೆ ತಕ್ಕ ಕೆಲಸವನ್ನು ಏಜೆಂಟರು ಮಾಡಿಕೊಡುತ್ತಾರಾದರೆ ರೆಗ್ಯುಲರ್ ಪ್ಲಾನ್ ತಪ್ಪಲ್ಲ. ಮಾರುಕಟ್ಟೆ ಬಿದ್ದಾಗ ಗಾಬರಿಯಿಂದ ಮಾರದಂತೆ ತಡೆಯುವ ಒಬ್ಬರು ಬೇಕೆನಿಸುವವರು ಇದ್ದಾರೆ. ಅರ್ಜಿ ತುಂಬಿಕೊಡಲು ಮಾತ್ರ ಅಷ್ಟು ಕೊಡುವುದು ನನಗೆ ದುಬಾರಿ. ಪ್ಲಾನ್ ಯಾವುದಾದರೂ ಲಾಭ ಫಂಡಿನಲ್ಲೇ ಉಳಿಯುವ ‘ಗ್ರೋತ್’ ಆಯ್ಕೆಯನ್ನೇ ಹಾಕಬೇಕು. ಮೊದಲು ಡಿವಿಡೆಂಡ್ ಎನ್ನುತ್ತಿದ್ದುದಕ್ಕೆ 2021ರಿಂದ ಐಡಿಸಿಡಬ್ಲ್ಯು ಎಂಬ ಹೆಸರು. ಅಲ್ಲಿ ನಮ್ಮದೇ ಯೂನಿಟ್ಟಿನಿಂದ ಕಿತ್ತು ನಮಗೇ ಕೊಟ್ಟು, ಅದಕ್ಕೆ ತೆರಿಗೆಯನ್ನೂ ಹಾಕುತ್ತಾರೆ.

ದುಡ್ಡು ಹಾಕುವ ರೀತಿಯಲ್ಲಿ ನಮ್ಮೂರಿಗೆ ತಕ್ಕ ತಿದ್ದುಪಡಿ ಬೇಕು. ಎಸ್‌ಐಪಿ (ಫಂಡಿಗೆ ಕಂತಿನಲ್ಲಿ ದುಡ್ಡು ಹಾಕುವುದು) ಅಂದರೆ ಕುರಿಯ ಕಂತಿನ ಹಾಗೆ ಎಂದರೆ ಕೂಡಲೇ ಅರ್ಥವಾಗುತ್ತದೆ. (ಮೇಯುವ ಕುರಿ ಅಲ್ಲ, ಕೇರಳದ ಚಿಟ್ಟಿ.) ಕುರಿಯಲ್ಲಿ ಕಂತು ತಪ್ಪಿದರೆ ಆಳು ಮನೆಗೆ ಬರುತ್ತದೆ, ಎಸ್‌ಐಪಿಯಲ್ಲಿ ಯಾರೂ ಬರುವುದಿಲ್ಲ, ಬ್ಯಾಂಕು ಮಾತ್ರ ಪ್ರತಿ ಸಲ ದಂಡ ಕಡಿಯುತ್ತದೆ, ತಿಂಗಳ ಕಂತು ಸಾಲಾಗಿ ಮೂರು ತಪ್ಪಿದರೆ ಎಸ್‌ಐಪಿಯೇ ರದ್ದು. ನಮ್ಮಲ್ಲಿ ಅದು ತಪ್ಪುವುದು ಸಾಮಾನ್ಯವಾಗಿ ಆಟಿ ತಿಂಗಳಲ್ಲಿ, ಮಳೆ ಸುರಿದು ಕೈ ಖಾಲಿ ಇರುವಾಗ. ಹಾಗಾಗಿ ಆಟಿಯಲ್ಲೂ ಕಟ್ಟಬಲ್ಲಷ್ಟಕ್ಕೇ ಎಸ್‌ಐಪಿ ನಿಲ್ಲಿಸಿದ್ದೇನೆ. ಉಳಿದದ್ದಕ್ಕೆ ಎಸ್‌ಟಿಪಿ, ಅಂದರೆ ಒಂದು ಫಂಡಿನಿಂದ ಇನ್ನೊಂದಕ್ಕೆ ಕಂತಿನಲ್ಲಿ ವರ್ಗಾವಣೆ.

ಅಡಿಕೆಯಿಂದ ಬಂದದ್ದರಲ್ಲಿ ದೀರ್ಘಕಾಲದ ಪಾಲು 2,40,000 ಎಂದಿಟ್ಟುಕೊಳ್ಳಿ. ಅದನ್ನು ಲಿಕ್ವಿಡ್ ಫಂಡಿಗೆ ಹಾಕಿ, ಅಲ್ಲಿಂದ ತಿಂಗಳಿಗೆ 20,000ದಂತೆ 12 ಸಲ ಇಂಡೆಕ್ಸ್ ಫಂಡಿಗೆ ತಾನಾಗಿ ಹೋಗುವಂತೆ ಬರೆದುಕೊಡುತ್ತೇನೆ. ಎಡವುವ ಜಾಗ ಮೂರು. ಎಸ್‌ಟಿಪಿ ಒಂದೇ ಸಂಸ್ಥೆಯ ಫಂಡುಗಳ ನಡುವೆ ಮಾತ್ರ ನಡೆಯುತ್ತದೆ, ಆದ್ದರಿಂದ ಲಿಕ್ವಿಡ್ ಫಂಡನ್ನು ಇಂಡೆಕ್ಸ್ ಫಂಡ್ ನೋಡಿ ಆರಿಸಬೇಕು. ಲಿಕ್ವಿಡ್‌ನಲ್ಲಿ ಏಳು ದಿನ ಆಗುವ ಮುಂಚೆ ತೆಗೆದರೆ ಸಣ್ಣ ಎಕ್ಸಿಟ್ ಲೋಡ್ (ಬೇಗ ತೆಗೆದದ್ದಕ್ಕೆ ಕಡಿತ) ಇದೆ, ಮೊದಲ ಕಂತನ್ನು ಎಂಟನೇ ದಿನದ ಆಚೆಗೆ ಇಡಿ. ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಕೈಗೆ ಒಂದು ಪೈಸೆ ಬರದಿದ್ದರೂ ಪ್ರತಿ ವರ್ಗಾವಣೆಯೂ ಲಿಕ್ವಿಡ್ ಫಂಡಿನ ಮಾರಾಟವೇ. 2023ರ ಏಪ್ರಿಲ್ 1ರಿಂದ ಈಚೆಗೆ ಕೊಂಡ ಸಾಲಪತ್ರ ಫಂಡಿನ ಲಾಭ ನಿಮ್ಮ ಸ್ಲ್ಯಾಬಿನ ದರದಲ್ಲಿ ತೆರಿಗೆಗೆ ಸೇರುತ್ತದೆ.

ಅಡಿಕೆ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ ಎಂದು ಅದರಿಂದ ಕೊಂಡ ಫಂಡಿನ ಲಾಭಕ್ಕೂ ಇಲ್ಲ ಎಂದುಕೊಂಡವರು ಬದಿಯಡ್ಕದಿಂದ ಮಂಜೇಶ್ವರದವರೆಗೂ ಸಿಗುತ್ತಾರೆ. ಲಾಭ ಕೃಷಿ ಆದಾಯ ಅಲ್ಲ. ವರ್ಷಕ್ಕೆ 10 ಲಕ್ಷ ಅಥವಾ ಹೆಚ್ಚು ಫಂಡಿಗೆ ಹಾಕಿದರೆ ಆ ವಿವರ ತೆರಿಗೆ ಇಲಾಖೆಗೆ ತಾನಾಗಿಯೇ ಹೋಗುತ್ತದೆ. ದುಡ್ಡು ಎಲ್ಲಿಂದ ಎಂದು ಕೇಳಿದರೆ ತೋರಿಸಲು ಅಡಿಕೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೊದ ಬಿಲ್ಲೋ ಅಂಗಡಿಯ ಬಿಲ್ಲೋ ಇರಬೇಕು. ಅಡಿಕೆ ಕೊಟ್ಟ ದಿನವೇ ಅದರ ಫೋಟೊ ತೆಗೆದಿಡುತ್ತೇನೆ, ಆ ಶಾಯಿ ಎರಡು ಮಳೆಗಾಲ ಬಾಳುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ದಿನ ತಿನ್ನುವುದು ಹೆಸರು. ಕೇರಳದ ದಾಖಲೆಗಳಲ್ಲಿ ಇನಿಷಿಯಲ್ ಬರುವುದು ಹೆಸರಾದ ಮೇಲೆ. ಪಾನ್ ಕಾರ್ಡಿನಲ್ಲಿ ಅದನ್ನು ಬಿಡಿಸಿ ಬರೆಯಬೇಕು, ಆಗ ಕೆಲವರು ಮನೆ ಹೆಸರು, ಕೆಲವರು ತಂದೆಯ ಹೆಸರು ಹಾಕುತ್ತಾರೆ. ಬ್ಯಾಂಕಿನ ಪುಸ್ತಕದಲ್ಲಿ ‘ಭಟ್’, ಆಧಾರ್‌ನಲ್ಲಿ ‘ಭಟ್ಟ’. ಹೀಗೆ ತಾಳೆಯಾಗದೆ ಕೆವೈಸಿ (ಹೂಡುವವರ ಗುರುತಿನ ದಾಖಲೆ) ‘ಆನ್ ಹೋಲ್ಡ್’ ಆಗಿ ಕೂರುತ್ತದೆ. ಫೋನ್ ಮತ್ತು ಇಮೇಲ್ ಎರಡೂ ದೃಢವಾಗದಿದ್ದರೂ ಅದೇ ಗತಿ. ಸರಿಪಡಿಸುವ ಕ್ರಮ: ಯಾವ ರೂಪ ಖಾಯಂ ಎಂದು ಮೊದಲು ತೀರ್ಮಾನ, ಆಮೇಲೆ ಕೇರಳ ಸರಕಾರದ ಅಕ್ಷಯ ಸೇವಾ ಕೇಂದ್ರದಲ್ಲಿ ಆಧಾರ್, ಅದನ್ನು ಹಿಡಿದು ಪಾನ್, ಮತ್ತೆ ಬ್ಯಾಂಕು, ಕೊನೆಗೆ ಕೆವೈಸಿ. ಕ್ರಮ ತಪ್ಪಿಸಿ ಬ್ಯಾಂಕಿನಿಂದ ಶುರುಮಾಡಿದರೆ ಎರಡೆರಡು ಸಲ ಓಡಾಟ. ಸೊಸೈಟಿಯ ಖಾತೆಗೆ ಆಟೊಪೇ ಮ್ಯಾಂಡೇಟ್ (ಕಂತು ತಾನಾಗಿ ಕಡಿಯಲು ಕೊಡುವ ಒಪ್ಪಿಗೆ) ಕೂರುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಕೂರದಿದ್ದರೆ ವಾಣಿಜ್ಯ ಬ್ಯಾಂಕಿನಲ್ಲಿ ಒಂದು ಖಾತೆ ಬೇಕೇ ಬೇಕು. ಮ್ಯಾಂಡೇಟಿನ ಮಿತಿಯನ್ನು ಈಗಿನ ಕಂತಿನ ಮೂರು ನಾಲ್ಕು ಪಟ್ಟು ಇಟ್ಟರೆ ಮುಂದೆ ಕಂತು ಏರಿಸುವಾಗ ಹೊಸದು ಬೇಡ.

ಇಷ್ಟಾದ ಮೇಲೆ ವರ್ಷಕ್ಕೆ ಒಂದೇ ಸಲ, ಮಾರ್ಚ್ ಮೊದಲ ವಾರ, ಪುಸ್ತಕ ಬಿಚ್ಚುತ್ತೇನೆ. ಷೇರು 70, ಠೇವಣಿ ಮತ್ತು ಸಾಲಪತ್ರ 30 ಎಂಬುದು ನನ್ನ ಅಳತೆ. ಐದು ಅಂಶಕ್ಕಿಂತ ಹೆಚ್ಚು ಸರಿದಿದ್ದರೆ ಮಾತ್ರ ಕೈ ಹಾಕುವುದು. 10 ಲಕ್ಷದಲ್ಲಿ ಷೇರು 7.8 ಲಕ್ಷ ಆಗಿದೆ ಎನ್ನಿ. ಮಾರಬೇಕಿಲ್ಲ. ಮುಂದಿನ ಅಡಿಕೆಯ 1.2 ಲಕ್ಷವನ್ನು ಪೂರ್ತಿ ಠೇವಣಿಯ ಕಡೆ ಹಾಕಿದರೆ 11.2ರಲ್ಲಿ 7.8, ಅಂದರೆ 69.6 ಶೇಕಡ. ತೆರಿಗೆ ಇಲ್ಲ, ಎಕ್ಸಿಟ್ ಲೋಡ್ ಇಲ್ಲ. ತೋಟದವರಿಗೆ ಇರುವ ಅನುಕೂಲ ಇದೊಂದೇ, ಹೊಸ ದುಡ್ಡು ಒಟ್ಟಿಗೆ ಬರುತ್ತದೆ.

ಅದೇ ವಾರ ಲಾಭದ ಲೆಕ್ಕವೂ. 2024ರ ಜುಲೈ 23ರಿಂದ ಷೇರು ಫಂಡಿನಲ್ಲಿ ಒಂದು ವರ್ಷ ಮೀರಿದ ಯೂನಿಟ್ಟಿನ ಲಾಭ ವರ್ಷಕ್ಕೆ 1.25 ಲಕ್ಷ ದಾಟಿದರೆ ಮೇಲಿನದಕ್ಕೆ 12.5 ಶೇಕಡ, ವರ್ಷದೊಳಗಿನದಕ್ಕೆ 20. ನಾಲ್ಕು ಲಕ್ಷಕ್ಕೆ ಕೊಂಡದ್ದು 5.2 ಆಗಿದ್ದರೆ ಮಾರ್ಚ್‌ನಲ್ಲಿ ಮಾರಿ, ದುಡ್ಡು ಬಂದ ಕೂಡಲೇ ಅದೇ ಫಂಡನ್ನು ಮತ್ತೆ ಕೊಳ್ಳುತ್ತೇನೆ. 1.2 ಲಕ್ಷ ಲಾಭ ವಿನಾಯಿತಿಯೊಳಗೆ ಮುಗಿಯಿತು, ಕೊಂಡ ಬೆಲೆ 5.2 ಲಕ್ಷಕ್ಕೆ ಏರಿತು. ಮುಂದೆ ಕೊಡಬೇಕಾಗಿ ಬರಬಹುದಾಗಿದ್ದ 15,000 ಉಳಿತಾಯ, ಸ್ಟ್ಯಾಂಪ್ ಡ್ಯೂಟಿ 0.005 ಶೇಕಡದಂತೆ 26 ರೂಪಾಯಿ. ದುಡ್ಡು ಖಾತೆಗೆ ಬರಲು ಎರಡು ಕೆಲಸದ ದಿನ ಹಿಡಿಯುವುದರಿಂದ ಆ ನಡುವೆ ಮಾರುಕಟ್ಟೆ ಏರಿದರೆ ಸ್ವಲ್ಪ ನಷ್ಟ, ಇಳಿದರೆ ಲಾಭ. ಎಸ್‌ಐಪಿಯ ಪ್ರತಿ ಕಂತಿಗೂ ಬೇರೆ ಹುಟ್ಟುದಿನ, ಮಾರುವಾಗ ಮೊದಲು ಕೊಂಡದ್ದು ಮೊದಲು ಹೋಗುತ್ತದೆ. ಕಳೆದ ವರ್ಷದ ಮೇ ಕಂತನ್ನು ಈ ಮಾರ್ಚ್‌ನಲ್ಲಿ ಸೇರಿಸಿ ಮಾರಿದರೆ 20 ಶೇಕಡದ ತೆರಿಗೆ ಬೀಳುತ್ತದೆ, ಹೆಚ್ಚಿನ ಷೇರು ಫಂಡುಗಳಲ್ಲಿ ಒಂದು ಶೇಕಡ ಎಕ್ಸಿಟ್ ಲೋಡೂ ಬೀಳುತ್ತದೆ.

ಫಂಡನ್ನೇ ಬಿಡುವುದು ಯಾವಾಗ? ಒಂದು ವರ್ಷ ಹಿಂದೆ ಬಿದ್ದಿತು ಎಂದು ಬಿಡುವುದಿಲ್ಲ. ಮ್ಯಾನೇಜರ್ ಬದಲಾಗಿ ಷೇರುಗಳ ಪಟ್ಟಿಯ ಸ್ವಭಾವವೇ ಬೇರೆಯಾದರೆ, ಅಥವಾ ಮೂರು ವರ್ಷ ಬಿಡದೆ ಟಿಆರ್‌ಐಗಿಂತ ಕೆಳಗೇ ಇದ್ದರೆ ಹೊಸ ದುಡ್ಡು ನಿಲ್ಲಿಸುತ್ತೇನೆ. ಹಳೆಯದನ್ನು ವರ್ಷವರ್ಷದ ವಿನಾಯಿತಿಯೊಳಗೆ ಸ್ವಲ್ಪ ಸ್ವಲ್ಪವೇ ತೆಗೆಯುತ್ತೇನೆ.

ಸಾಲಪತ್ರದ ಕಡೆ ಲಿಕ್ವಿಡ್ ಬಿಟ್ಟು ಬೇರೆ ಏನೂ ಇಲ್ಲ. ಒಂದು ಶೇಕಡ ಹೆಚ್ಚು ಬಡ್ಡಿಯ ಆಸೆಗೆ ಕೆಳದರ್ಜೆಯ ಸಾಲಪತ್ರ ತುಂಬಿದ ಫಂಡಿಗೆ ಹೋದರೆ ಏನಾಗಬಹುದು ಎಂಬುದನ್ನು 2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್ಟನ್ ಆರು ಯೋಜನೆಗಳನ್ನು ಮುಚ್ಚಿದಾಗ ಎಲ್ಲರೂ ನೋಡಿದ್ದಾರೆ.

ಮಗನೋ ಮಗಳೋ ಗಲ್ಫಿಗೆ ಹೋದರೆ ಅವರ ಹೆಸರಿನ ಫೋಲಿಯೊಗಳನ್ನು, ಅಂದರೆ ಫಂಡಿನ ಖಾತೆಗಳನ್ನು, ಎನ್‌ಆರ್‌ಐ ಎಂದು ಬದಲಿಸಿ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ (ಅನಿವಾಸಿಗಳ ಬ್ಯಾಂಕ್ ಖಾತೆ) ಜೋಡಿಸಬೇಕು; ಊರಿನ ಹಳೆ ಎಸ್‌ಬಿ ಖಾತೆಯಿಂದ ಎಸ್‌ಐಪಿ ಹಾಗೇ ಓಡಿಸುವಂತಿಲ್ಲ. ಎಲ್ಲ ಫೋಲಿಯೊಗೂ ನಾಮಿನಿ ಹಾಕಿ, ನಾಮಿನಿಯ ಹೆಸರನ್ನು ಅವರ ಆಧಾರ್‌ನಲ್ಲಿ ಇರುವಂತೆಯೇ ಬರೆಯಿರಿ. ಫಂಡುಗಳ ಲೆಕ್ಕ ಇಡುವ ಕ್ಯಾಮ್ಸ್ ಮತ್ತು ಕೆಫಿನ್‌ಟೆಕ್ ಕಂಪನಿಗಳೆರಡರಲ್ಲಿ ಇರುವ ಫಂಡುಗಳೆಲ್ಲ ಒಟ್ಟಿಗೆ ಕಾಣುವ ಸ್ಟೇಟ್‌ಮೆಂಟನ್ನು ಪ್ರತಿ ಮಾರ್ಚ್‌ನಲ್ಲಿ ಒಂದು ಸಲ ಅಚ್ಚು ಹಾಕಿಸಿ ಜಾಗದ ಆಧಾರಪತ್ರಗಳ ಜೊತೆ ಇಡುತ್ತೇನೆ. ಪಾಸ್‌ವರ್ಡ್ ಪಾನ್ ಸಂಖ್ಯೆಯೋ ಬೇರೆಯೋ, ಅದನ್ನು ಪೆನ್ಸಿಲಿನಲ್ಲಿ ಹಿಂದುಗಡೆ.