ಗಂಟಾಗದ ಮುದ್ದೆ, ಮೂರು ಕೂಗಿನ ಮಸ್ಸೊಪ್ಪು

ಅಡುಗೆ ಬಾರದವರು ರಾತ್ರಿ ಊಟಕ್ಕೆಂದು ಮೊದಲು ಕಲಿಯಬೇಕಾದ್ದು ಅನ್ನ-ಸಾಂಬಾರಲ್ಲ, ಮುದ್ದೆ. ಹೆಚ್ಚುವ ಕೆಲಸವಿಲ್ಲ, ರುಬ್ಬುವ ಕೆಲಸವಿಲ್ಲ. ರಾಗಿ ಹಿಟ್ಟು, ನೀರು, ಒಂದು ಪಾತ್ರೆ, ಒಂದು ಕೋಲು ಇದ್ದರಾಯಿತು. ವಸಂತನರಸಾಪುರದಲ್ಲೋ ನರಸಾಪುರದಲ್ಲೋ ಕಾರ್ಖಾನೆಯ ಶಿಫ್ಟ್ ಮುಗಿಸಿ ರೂಮಿಗೆ ಬಂದವರು ಮುಕ್ಕಾಲು ಗಂಟೆಯಲ್ಲಿ ಉಂಡು ಕೈ ತೊಳೆಯಬಹುದು. ಆದರೂ ಹೊಸಬರ ಪಾತ್ರೆಯಲ್ಲಿ ಮೇಲೆ ಗಂಜಿ, ಒಳಗೆ ಒಣಹಿಟ್ಟಿನ ಗಂಟು. ಸುಮ್ಮನಿರಬೇಕಾದ ಹೊತ್ತಿನಲ್ಲಿ ತಿರುವುತ್ತಾರೆ, ತಿರುವಬೇಕಾದಾಗ ಕೈ ನೋವೆಂದು ಬಿಡುತ್ತಾರೆ. ಕೆಡುವುದು ಅಲ್ಲೇ.

ಮೊದಲು ಸಾರು

ಕುಕ್ಕರ್ ತಣ್ಣಗಾಗುವಷ್ಟರಲ್ಲಿ ಮುದ್ದೆ ಆಗುತ್ತದೆ, ಹಾಗಾಗಿ ಸಾರಿಗೆ, ಅಂದರೆ ಸೊಪ್ಪು-ಬೇಳೆ ಬೇಯಿಸಿ ಮಸೆದು ಮಾಡುವ ಮಸ್ಸೊಪ್ಪಿಗೆ, ಮೊದಲು ಇಡಿ. ಒಬ್ಬರಿಗೆ ಕಾಲು ಲೋಟ ತೊಗರಿಬೇಳೆ, ಒಂದು ಕಟ್ಟು ಸೊಪ್ಪು, ಎರಡು ಟೊಮೆಟೊ, ಒಂದು ಸಣ್ಣ ಈರುಳ್ಳಿ, ನಾಲ್ಕು ಹಸಿಮೆಣಸಿನಕಾಯಿ, ಆರು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ, ಚಿಟಿಕೆ ಅರಿಶಿನ, ಒಂದೂವರೆ ಲೋಟ ನೀರು. ಎಲ್ಲವನ್ನೂ ಒಟ್ಟಿಗೆ ಹಾಕಿ ಮೂರು ಕೂಗು ಕೂಗಿಸಿ. ದಂಟಿನ ಸೊಪ್ಪು, ಪಾಲಕ್ ಯಾವುದಾದರೂ ಸರಿ. ಕೋಲಾರ, ಚಿಂತಾಮಣಿ ಕಡೆ ಸಂತೆಯಲ್ಲಿ ಹಲವು ಬಗೆ ಕಲೆತ ಬೆರಕೆ ಸೊಪ್ಪು ಸಿಕ್ಕರೆ ಬಿಡಬೇಡಿ, ಮಸ್ಸೊಪ್ಪಿಗೆ ಅದರಷ್ಟು ರುಚಿ ಇನ್ನೊಂದಿಲ್ಲ. ಮೆಂತ್ಯ ಸೊಪ್ಪನ್ನೇ ಒಂದು ಕಟ್ಟು ಹಾಕಿದರೆ ಕಹಿಯಾಗುತ್ತದೆ.

ಸೊಪ್ಪು ತೊಳೆಯುವಾಗ ಪಾತ್ರೆ ಬಗ್ಗಿಸಿ ನೀರು ಚೆಲ್ಲಬೇಡಿ. ತಳಕ್ಕೆ ಇಳಿದ ಕೆಮ್ಮಣ್ಣು ಮತ್ತೆ ಸೊಪ್ಪಿನ ಮೇಲೇ ಬೀಳುತ್ತದೆ. ಸೊಪ್ಪನ್ನು ಮೇಲೆತ್ತಿ ಬೇರೆ ನೀರಿಗೆ ಹಾಕಿ. ಹೀಗೆ ಮೂರು ನೀರು.

ಕುಕ್ಕರ್ ತೆರೆದ ಮೇಲೆ ಬೆಂದ ನೀರನ್ನು ಒಂದು ಬಟ್ಟಲಿಗೆ ಬಸಿದಿಟ್ಟು, ಉಳಿದದ್ದನ್ನು ಕಡಗೋಲಿನಲ್ಲೋ ಸೌಟಿನ ಬೆನ್ನಿನಲ್ಲೋ ಮಸೆಯಿರಿ. ನೀರಿದ್ದರೆ ಬೇಳೆ ಜಾರುತ್ತದೆ, ಮಸೆಯಲು ಬರುವುದಿಲ್ಲ. ಮಿಕ್ಸಿ ಬೇಡವೇ ಬೇಡ, ಅಂಟಂಟು ಹಸಿರು ಪೇಸ್ಟ್ ಆಗುತ್ತದೆ. ಬಸಿದ ನೀರು ವಾಪಸ್ ಸೇರಿಸಿ, ಉಪ್ಪು ಹಾಕಿ ಒಂದು ಕುದಿ. ಈಗ ಪೇಟೆಯಲ್ಲಿ ಸಿಗುವುದು ಬಹುಪಾಲು ದಪ್ಪ ಸಿಪ್ಪೆಯ ಹೈಬ್ರಿಡ್ ಟೊಮೆಟೊ, ಹುಳಿ ಸಾಲದು. ಕಡಲೆಕಾಳಿನಷ್ಟು ಹುಣಸೆಹಣ್ಣು ಕಿವುಚಿ ಹಾಕಿ, ಆದರೆ ಬೇಳೆ ಬೆಂದ ಮೇಲೆ. ಮುಂಚೆ ಹಾಕಿದರೆ ಬೇಳೆ ಬೇಯಲು ಸತಾಯಿಸುತ್ತದೆ. ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟರೆ ಸಾರು ಮುಗಿಯಿತು.

ಎಸರಿನಿಂದ ಮುದ್ದೆಯವರೆಗೆ

ದಪ್ಪ ತಳದ, ಎರಡು-ಮೂರು ಲೀಟರಿನ ಅಲ್ಯೂಮಿನಿಯಂ ಪಾತ್ರೆ ತೆಗೆದುಕೊಳ್ಳಿ. ತಳ ಗುಂಡಗಿದ್ದರೆ ಒಳ್ಳೆಯದು, ಮೂಲೆಯಲ್ಲಿ ಹಿಟ್ಟು ಕೂರುವುದಿಲ್ಲ. ನಾನ್‌ಸ್ಟಿಕ್ ಬಾಣಲೆಯಲ್ಲಿ ಮುದ್ದೆ ಮಾಡಿದರೆ ಕೋಲಿನ ಪೆಟ್ಟಿಗೆ ಲೇಪ ಕಿತ್ತು ಹಿಟ್ಟಿಗೇ ಸೇರುತ್ತದೆ. ಕೋಲು ಮರದ್ದೇ ಇರಲಿ. ಚಪಾತಿ ಲಟ್ಟಣಿಗೆಯಿಂದಲೂ ಆಗುತ್ತದೆ, ಸ್ಟೀಲ್ ಸೌಟಿನಿಂದ ಆಗುವುದಿಲ್ಲ, ಬಾಗುತ್ತದೆ.

ಒಂದು ಲೋಟ ಹಿಟ್ಟಿಗೆ ಅದೇ ಲೋಟದಲ್ಲಿ ಎರಡೂಕಾಲು ಲೋಟ ನೀರು. ಎರಡು ಮಧ್ಯಮ ಮುದ್ದೆಗಳಾಗುತ್ತವೆ. ಇದಕ್ಕಿಂತ ಕಡಿಮೆ ಮಾಡಲು ಹೋಗಬೇಡಿ, ಕೋಲಿಗೆ ಹಿಡಿತ ಸಿಗುವುದಿಲ್ಲ. ನೀರನ್ನು ಒಲೆಗಿಟ್ಟು ಕಾಯಿಸಿ, ಎಸರು ಅಂದರೆ ಇದೇ. ಒಂದು ಚಮಚ ಹಿಟ್ಟನ್ನು ಸ್ವಲ್ಪ ತಣ್ಣೀರಿನಲ್ಲಿ ಕದಡಿ, ಚಿಟಿಕೆ ಉಪ್ಪಿನ ಜೊತೆ ಎಸರಿಗೆ ಹಾಕಿ. ಎಸರು ಅಂಬಲಿಯಂತೆ ಕೊಂಚ ಗಟ್ಟಿಯಾಗಿ ಕುದಿಯಬೇಕು. ಅಂಚಿನಲ್ಲಿ ಗುಳ್ಳೆ ಬಂದರೆ ಸಾಲದು, ನಡುವೆಯೂ ಕೊತಕೊತ ಅನ್ನಬೇಕು.

ಈಗ ಉಳಿದ ಹಿಟ್ಟನ್ನೆಲ್ಲ ಒಂದೇ ಸಲ ನಡುವೆ ಗುಡ್ಡೆಯಾಗಿ ಸುರಿಯಿರಿ. ಕೈ ತೆಗೆಯಿರಿ. ತಿರುವಬೇಡಿ. ಉಪ್ಪಿಟ್ಟಿಗೆ ರವೆ ಉದುರಿಸಿ ಕೈಯಾಡಿಸುವ ಅಭ್ಯಾಸ ಇದ್ದವರೇ ಇಲ್ಲಿ ಎಡವುವುದು. ಒಣಹಿಟ್ಟು ಬಿಸಿನೀರಿಗೆ ಚೂರುಚೂರಾಗಿ ಸೇರಿದರೆ ಪ್ರತಿ ಚೂರಿನ ಹೊರಮೈ ಕ್ಷಣದಲ್ಲಿ ಬೆಂದು ಅಂಟಾಗುತ್ತದೆ. ಆ ಪದರ ದಾಟಿ ನೀರು ಒಳಗೆ ಹೋಗಲಾರದು. ಗಂಟೆಂದರೆ ಇಷ್ಟೇ. ಗುಡ್ಡೆಯ ನಡುವೆ ಕೋಲನ್ನು ತಳದವರೆಗೆ ಚುಚ್ಚಿ ಒಂದು ತೂತು ಮಾಡಿ. ಎಸರು ಅಲ್ಲಿಂದಲೂ ಸುತ್ತಲಿಂದಲೂ ಉಕ್ಕಿ ಹಿಟ್ಟನ್ನು ಹಬೆಯಲ್ಲಿ ಬೇಯಿಸುತ್ತದೆ. ಮಧ್ಯಮ ಉರಿ, ಅರ್ಧ ಮುಚ್ಚಳ, ಐದು ನಿಮಿಷ. ಈ ಐದು ನಿಮಿಷ ಮೊಬೈಲ್ ನೋಡುತ್ತಾ ಕೂತರೂ ಅಡ್ಡಿಯಿಲ್ಲ, ಕೋಲು ಮುಟ್ಟದಿದ್ದರೆ ಸರಿ.

ತಿರುವುವ ಮುಂಚೆ ಅರ್ಧ ಲೋಟದಷ್ಟು ಎಸರನ್ನು ಬಗ್ಗಿಸಿಟ್ಟುಕೊಳ್ಳಿ. ಹೊಸಬರು ಬಿಡುವ ಹೆಜ್ಜೆ ಇದು. ನೀರು ಹೆಚ್ಚಾದ ಹಿಟ್ಟನ್ನು ಗಟ್ಟಿ ಮಾಡುವುದು ಕಷ್ಟ, ಗಟ್ಟಿಯಾದದ್ದಕ್ಕೆ ಬಿಸಿ ಎಸರು ಸೇರಿಸುವುದು ಸುಲಭ.

ಒಲೆ ಆರಿಸಿ ಪಾತ್ರೆಯನ್ನು ನೆಲಕ್ಕಿಳಿಸಿ, ಒದ್ದೆ ಬಟ್ಟೆಯ ಮೇಲಿಡಿ. ಅಡುಗೆ ಕಟ್ಟೆಯ ಎತ್ತರದಲ್ಲಿ ತೋಳಿನ ಬಲ ಕೋಲಿಗೆ ಇಳಿಯುವುದಿಲ್ಲ. ಇಕ್ಕಳದಿಂದ ಬಿಗಿಯಾಗಿ ಹಿಡಿದು ತೊಳಸಿ. ಸುಮ್ಮನೆ ಗರಗರ ತಿರುಗಿಸುವುದಲ್ಲ, ಹಿಟ್ಟನ್ನು ಪಾತ್ರೆಯ ಗೋಡೆಗೆ ಒತ್ತಿ ಎಳೆಯಬೇಕು. ಒಣಹಿಟ್ಟು ಕಂಡಲ್ಲಿ ಎಸರು ಒಂದೊಂದೇ ಚಮಚ ಹಾಕಿ. ಎರಡು ನಿಮಿಷದಲ್ಲಿ ಬಣ್ಣ ಒಂದೇ ಸಮನಾಗಿ ಹಿಟ್ಟು ಗೋಡೆ ಬಿಡುತ್ತದೆ. ಎರಡು ಚಮಚ ನೀರು ಅಂಚಿನಲ್ಲಿ ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಮೂರು ನಿಮಿಷ ಹಬೆಗೆ ಬಿಟ್ಟು, ಮತ್ತೆ ಹತ್ತು ಸುತ್ತು ತೊಳಸಿ.

ಬೆಂದಿದೆಯೇ ಎಂದು ನೋಡಲು ಬೆರಳು ಒದ್ದೆ ಮಾಡಿ ಮುಟ್ಟಿ. ಅಂಟಿದರೆ ಇನ್ನೂ ಹಸಿ. ತೆಳ್ಳಗಾಗಿದ್ದರೆ ಮುಚ್ಚಳ ತೆಗೆದು ಸಣ್ಣ ಉರಿಯಲ್ಲಿ ಎರಡು ನಿಮಿಷ ತೊಳಸಿ. ಒಣಹಿಟ್ಟು ಉದುರಿಸಿ ಗಟ್ಟಿ ಮಾಡಬೇಡಿ, ಹಸಿ ವಾಸನೆ ಹೋಗುವುದೇ ಇಲ್ಲ. ಗಂಟಾಗಿಬಿಟ್ಟಿದ್ದರೆ ನೀರು ಸುರಿದು ಪ್ರಯೋಜನವಿಲ್ಲ, ತಟ್ಟೆಗೆ ಹಾಕಿ ಒದ್ದೆ ಸೌಟಿನಿಂದ ಹಿಸುಕಿ, ಹಿಸುಕಲಾಗದ್ದನ್ನು ತೆಗೆದುಹಾಕಿ.

ಒದ್ದೆ ತಟ್ಟೆ, ಒದ್ದೆ ಕೈ, ಸುಡುವಾಗಲೇ ಉಂಡೆ ಕಟ್ಟಿ. ಆರಲಿ ಎಂದು ಕಾದರೆ ಮೇಲೆ ಸಿಪ್ಪೆಗಟ್ಟಿ ಬಿರುಕು ಬಿಡುತ್ತದೆ.

ಕುಕ್ಕರಿನಲ್ಲಿ ಹಿಟ್ಟು ಕದಡಿ ಕೂಗಿಸುವ ಅಡ್ಡದಾರಿ ಇದೆ. ಗಂಟಾಗುವುದಿಲ್ಲ ನಿಜ, ಆದರೆ ಬರುವುದು ಮುದ್ದೆಯಲ್ಲ, ಮಗುವಿಗೆ ತಿನ್ನಿಸುವ ರಾಗಿ ಸರಿ. ರೆಡಿ ಮುದ್ದೆ ಮಿಕ್ಸ್ ಪ್ಯಾಕೆಟ್ಟಿಗೆ ದುಡ್ಡು ದಂಡ. ರೇಷನ್ ರಾಗಿಯೇ ಸಾಕು, ಕಲ್ಲು ಆರಿಸಿ, ತೊಳೆದು ಒಣಗಿಸಿ ಮಿಲ್ಲಿಗೆ ಕೊಡಿ. ಬೀಸಿದ ಹಿಟ್ಟನ್ನು ಬಿಸಿಯಿರುವಾಗಲೇ ಡಬ್ಬಿಗೆ ತುಂಬಿ ಮುಚ್ಚಿದರೆ ಬೆವತು ಮುಗ್ಗಲು ಹಿಡಿಯುತ್ತದೆ, ಪೇಪರಿನ ಮೇಲೆ ಹರಡಿ ಆರಿಸಿ. ಒಂದು ತಿಂಗಳಿಗಾಗುವಷ್ಟೇ ಬೀಸಿಸಿ.

ಸಾರು ಮಾಡಲೂ ಸೋಮಾರಿತನವಾದ ದಿನ ಟೊಮೆಟೊ, ಹಸಿಮೆಣಸಿನಕಾಯಿ ಸುಟ್ಟು ಉಪ್ಪು, ಹಸಿ ಈರುಳ್ಳಿ, ಬೆಳ್ಳುಳ್ಳಿ ಹಾಕಿ ಕಿವುಚಿದರೆ ಗೊಜ್ಜಾಯಿತು. ಉಳಿದ ಮುದ್ದೆ ನೀರಿನಲ್ಲಿ ಮುಳುಗಿರಲಿ, ಬೆಳಿಗ್ಗೆ ಮಜ್ಜಿಗೆ, ಉಪ್ಪು ಸೇರಿಸಿ ಕಿವುಚಿ ಕುಡಿಯಬಹುದು. ಪಾತ್ರೆಗೆ ಊಟಕ್ಕೆ ಕೂರುವ ಮುಂಚೆಯೇ ನೀರು ತುಂಬಿಸಿ. ಒಣಗಿದ ಹಿಟ್ಟನ್ನು ಕೆರೆಯುವುದು ಮುದ್ದೆ ತೊಳಸುವುದಕ್ಕಿಂತ ದೊಡ್ಡ ಕೆಲಸ.