ಒಂದು ಪದ್ಯ, ಎರಡು ಪಿರಿಯಡ್: ಬರ್ಮಿಂಗ್‌ಹ್ಯಾಮ್‌ನಿಂದ ಕಾಗೋಡಿಗೆ

ಅಮೆರಿಕದ ಕಪ್ಪುಜನರ ನಾಗರಿಕ ಹಕ್ಕುಗಳ ಹೋರಾಟವನ್ನು ಹೈಸ್ಕೂಲು ಮಕ್ಕಳಿಗೆ ತಿಳಿಸಲು ಡಡ್ಲಿ ರ‍್ಯಾಂಡಾಲ್ ಬರೆದ ‘ಬ್ಯಾಲಡ್ ಆಫ್ ಬರ್ಮಿಂಗ್‌ಹ್ಯಾಮ್’ ಒಂದೇ ಸಾಕು. ನಾಲ್ಕು ಸಾಲಿನ ಎಂಟು ನುಡಿ, 40 ನಿಮಿಷದ ಎರಡು ಪಿರಿಯಡ್‌ಗೆ ಸರಿಹೋಗುತ್ತದೆ. ಐದಾರು ಪದ್ಯ ತುರುಕಿದರೆ ಯಾವುದೂ ಒಳಗಿಳಿಯುವುದಿಲ್ಲ.

ಮೊದಲ ದಿನ ಹಿನ್ನೆಲೆ ಹೇಳಬೇಡಿ. ಹೇಳಿದರೆ ಮಕ್ಕಳು ನೀವು ಹೇಳಿದ್ದನ್ನೇ ಪದ್ಯದಲ್ಲಿ ಹುಡುಕುತ್ತಾರೆ. ಸರಳ ಗದ್ಯದಲ್ಲಿ ಕನ್ನಡಕ್ಕೆ ತಂದುಕೊಳ್ಳಿ; ಪ್ರಾಸಕ್ಕೆ ಜೋತುಬಿದ್ದರೆ ಅರ್ಥ ಜಾರುತ್ತದೆ. ಮೊದಲ ನಾಲ್ಕು ನುಡಿ ತಾಯಿ ಮಗಳ ಮಾತು, ಇಬ್ಬರಿಂದ ಓದಿಸಿ. ಮೆರವಣಿಗೆಗೆ ಹೋಗಲಾ ಎಂದು ಮಗಳು ಕೇಳುತ್ತಾಳೆ. ಅಲ್ಲಿ ನಾಯಿ, ಲಾಠಿ, ಬಂದೂಕು ಇರುತ್ತವೆಂದು ಹೆದರಿ ತಾಯಿ ಅವಳನ್ನು ಚರ್ಚಿಗೆ ಕಳಿಸುತ್ತಾಳೆ. ಕೊನೆಗೆ ಸ್ಫೋಟದ ಸದ್ದು ಕೇಳಿ ಓಡಿಬಂದು ಗಾಜು, ಇಟ್ಟಿಗೆ ಕೆದಕಿದ ತಾಯಿಯ ಕೈಗೆ ಸಿಗುವುದು ಮಗಳ ಶೂ. ಅಲ್ಲಿ ನಿಲ್ಲಿಸಿ. ತರಗತಿ ಎರಡು ನಿಮಿಷ ಸುಮ್ಮನಿದ್ದರೆ ಇರಲಿ ಬಿಡಿ.

ಎರಡನೇ ದಿನ ಬೋರ್ಡಿನ ನಡುವೆ ಗೆರೆ ಎಳೆಯಿರಿ: ಎಡಕ್ಕೆ ಪದ್ಯ, ಬಲಕ್ಕೆ ದಾಖಲೆ. 1963ರ ಮೇ ತಿಂಗಳಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೆರವಣಿಗೆ ಹೊರಟ ಶಾಲಾಮಕ್ಕಳ ಮೇಲೆ ಪೊಲೀಸರು ನಾಯಿ ಛೂ ಬಿಟ್ಟರು, ಪೈಪಿನಿಂದ ರಭಸದ ನೀರು ಹಾಯಿಸಿದರು. ಸೆಪ್ಟೆಂಬರ್ 15ರ ಭಾನುವಾರ 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬಾಂಬು ಸಿಡಿಯಿತು. ಸತ್ತ ಹುಡುಗಿಯರು ನಾಲ್ವರು. ಮೂವರಿಗೆ 14 ವರ್ಷ, ಒಬ್ಬಳಿಗೆ 11. ಪದ್ಯದಲ್ಲಿ ಇರುವವಳು ಒಬ್ಬಳೇ. ನಡುವಿನ ನಾಲ್ಕು ತಿಂಗಳು ಪದ್ಯದಲ್ಲಿ ಒಂದೇ ದಿನವಾಗಿದೆ. ಕವಿ ಯಾಕೆ ಹೀಗೆ ಮಾಡಿದ? ಪಾಠದ ಜೀವ ಇರುವುದು ಈ ಪ್ರಶ್ನೆಯಲ್ಲಿ, ಅರ್ಧ ಪಿರಿಯಡ್ ಇದಕ್ಕೇ ಮೀಸಲಿಡಿ. ‘ಕವಿ ತಪ್ಪು ಬರೆದಿದ್ದಾನೆ’ ಎಂದ ಮಗುವನ್ನು ಗದರಬೇಡಿ, ಅದು ದಾಖಲೆಯನ್ನು ಸರಿಯಾಗಿ ಓದಿದೆ.

ಆಮೇಲೆ ನಮ್ಮ ಶಿವಮೊಗ್ಗ ಜಿಲ್ಲೆಗೆ ಬನ್ನಿ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೂ ಅಲ್ಲಿ ಜಗಳದ ವಿಷಯವಾಗಿತ್ತು. ಹಳೇ ಮನೆಯ ಅಟ್ಟದಲ್ಲಿ ಕೊಳಗ ಸಿಕ್ಕರೆ ತನ್ನಿ. ಬಾಯಿಮಟ್ಟ ಸವರಿ ಒಮ್ಮೆ, ರಾಶಿ ಏರಿಸಿ ಒಮ್ಮೆ ಭತ್ತ ಅಳೆಸಿ. ಹೆಚ್ಚಾದ ಭತ್ತವನ್ನು ಮಕ್ಕಳೇ ಸೇರಿನಲ್ಲಿ ಅಳೆಯಲಿ. ಅದನ್ನು ಕೈಯಲ್ಲಿ ಮುಟ್ಟಿದ ಮೇಲೆ ಎಂಟು ಸಾಲಿನ ಪದ್ಯ ಬರೆಸಿ. ಕೊಳಗ ಅದರಲ್ಲಿ ಬರಲೇಬೇಕು. ‘ನ್ಯಾಯ’, ‘ಶೋಷಣೆ’, ‘ಸ್ವಾತಂತ್ರ್ಯ’ ಬರಕೂಡದು. ಈ ಕಟ್ಟು ಹಾಕದಿದ್ದರೆ ಆಗಸ್ಟ್ ಹದಿನೈದರ ಭಾಷಣವೇ ಮರಳಿ ಬರುತ್ತದೆ.

ಯಾರ ಮನೆಯವರು ಒಡೆಯರು, ಯಾರ ಮನೆಯವರು ಒಕ್ಕಲು ಎಂದು ತರಗತಿಯಲ್ಲಿ ಖಂಡಿತ ಕೇಳಬೇಡಿ. ಎರಡೂ ಕಡೆಯ ಮೊಮ್ಮಕ್ಕಳು ಒಂದೇ ಬೆಂಚಿನಲ್ಲಿ ಕೂತಿರಬಹುದು. ಅಜ್ಜ ಅಜ್ಜಿಯರನ್ನು ಕೇಳಿ ಬಂದವರು ಪದ್ಯದ ಕೆಳಗೆ ಎರಡು ಸಾಲು ಸೇರಿಸಲಿ: ಇದರಲ್ಲಿ ಕೇಳಿದ್ದೆಷ್ಟು, ಕಟ್ಟಿದ್ದೆಷ್ಟು.