ಲಾರಿಯ ಡೀಸೆಲ್ ಮುಳ್ಳನ್ನು ಎಷ್ಟು ನಂಬಬೇಕು?

ನವಿ ಮುಂಬಯಿಯ ಕಳಂಬೋಲಿಯಿಂದ ಪುಣೆಯ ಮಾರ್ಗವಾಗಿ ಬೆಳಗಾವಿ, ಹುಬ್ಬಳ್ಳಿಯ ಕಡೆಗೆ ಲಾರಿ ಓಡಿಸುವ ನಮ್ಮವರು ಡೀಸೆಲ್ ಮುಳ್ಳನ್ನು ಲೀಟರಿನ ಲೆಕ್ಕವೆಂದು ತಿಳಿಯಬಾರದು. ಟ್ಯಾಂಕಿನೊಳಗೆ ತೇಲುವ ಬೆಂಡು ಡೀಸೆಲಿನ ಮಟ್ಟದೊಡನೆ ಏರಿಳಿಯುತ್ತದೆ. ಅದರ ಕಡ್ಡಿ ವಿದ್ಯುತ್ ರೋಧವನ್ನು ಬದಲಿಸಿದಂತೆ ಮುಳ್ಳು ಸರಿಯುತ್ತದೆ. ಆದ್ದರಿಂದಲೇ ಖಂಡಾಳ ಅಥವಾ ಖಂಬಾಟ್ಕಿ ಘಾಟಿನ ಏರಿನಲ್ಲಿ ಡೀಸೆಲ್ ಟ್ಯಾಂಕಿನ ಹಿಂಬದಿಗೆ ಸರಿದಾಗ, ಬೆಂಡು ಇರುವ ಜಾಗಕ್ಕೆ ತಕ್ಕಂತೆ ಮುಳ್ಳು ಇರುವುದಕ್ಕಿಂತ ಹೆಚ್ಚೋ ಕಡಿಮೆಯೋ ತೋರಿಸುತ್ತದೆ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಕೆಲವು ನಿಮಿಷಗಳ ನಂತರ ನೋಡಿದ್ದನ್ನಷ್ಟೇ ಗಣನೆಗೆ ತೆಗೆದುಕೊಳ್ಳಿ.

ಹೀರುವ ಕೊಳವೆಯು ಟ್ಯಾಂಕಿನ ತಳವನ್ನು ಮುಟ್ಟುವುದಿಲ್ಲವಾದ್ದರಿಂದ ಕೊನೆಯ ಕೆಲವು ಲೀಟರ್ ಎಂಜಿನ್ನಿಗೆ ಸಿಗುವುದೇ ಇಲ್ಲ. ಒಮ್ಮೆ ಈ ಕೊಳವೆ ಗಾಳಿ ಎಳೆದುಕೊಂಡರೆ, ಡೀಸೆಲ್ ಹಾಕಿದ ಮೇಲೂ ಗಾಳಿಯನ್ನು ಹೊರಹಾಕದೆ ಗಾಡಿ ಸ್ಟಾರ್ಟ್ ಆಗುವುದು ಕಷ್ಟ. ಮಳೆಗಾಲದ ಒಂದು ರಾತ್ರಿ ಘಾಟಿನ ಅಂಚಿನಲ್ಲಿ, ಮೊಬೈಲಿನ ಬೆಳಕಿನಲ್ಲಿ, ಗಾಳಿ ಹೊರಹಾಕುವ ಕೈಪಂಪು ಒತ್ತುತ್ತ ನೊರೆ ನಿಲ್ಲುವವರೆಗೆ ಕಾದದ್ದು ನನಗೆ ಇನ್ನೂ ನೆನಪಿದೆ.

ನನ್ನ ಸಲಹೆ ಇಷ್ಟು: ಟ್ಯಾಂಕನ್ನು ಪೂರ್ತಿ ತುಂಬಿಸಿ ಕಿಲೋಮೀಟರ್ ಬರೆದಿಟ್ಟುಕೊಳ್ಳಿ, ಮುಳ್ಳು ಕಾಲು ಭಾಗಕ್ಕೆ ಇಳಿದಾಗ ಮತ್ತೆ ಪೂರ್ತಿ ತುಂಬಿಸಿ. 1,000 ಕಿ.ಮೀ. ಓಡಿ 250 ಲೀಟರ್ ಹಿಡಿದರೆ ಲೀಟರಿಗೆ 4 ಕಿ.ಮೀ. ಎಂದಾಯಿತು, ಟ್ಯಾಂಕಿನ ಒಟ್ಟು ಅಳತೆಯಲ್ಲಿ ಆ 250 ಅನ್ನು ಕಳೆದರೆ, ನಿಮ್ಮ ಗಾಡಿಯ ‘ಕಾಲು’ ನಿಜಕ್ಕೂ ಎಷ್ಟು ಲೀಟರ್ ಎಂಬುದು ತಿಳಿಯುತ್ತದೆ. ಭಾರ ತುಂಬಿದಾಗ ಮತ್ತು ಖಾಲಿ ಓಡುವಾಗ ಈ ಲೆಕ್ಕವನ್ನು ಬೇರೆಬೇರೆಯಾಗಿಯೇ ಬರೆದಿಡಬೇಕು.